ಲೋಕ ಹುಟ್ಟಿದ ಕತೆ ಬಯಲಲ್ಲಿ: ಪೋತ್ತನೂರಿನ ಸುತ್ತಮುತ್ತ ಗೊಂಬೆ, ಕಂಸಾಳೆ, ಅಲಗು

ಪೋತ್ತನೂರು ಅಂದರೆ ಮೊದಲು ನೆನಪಾಗುವುದು ರೈಲ್ವೆ ಜಂಕ್ಷನ್. ಒಂದು ಹಳಿ ಪಶ್ಚಿಮಕ್ಕೆ ಪಾಲಕ್ಕಾಡಿನ ಕಡೆ ಹೋಗುತ್ತದೆ, ಒಂದು ಕೊಯಮತ್ತೂರು ಪೇಟೆಗೆ, ಒಂದು ಈರೋಡಿನ ಕಡೆಗೆ, ಇನ್ನೊಂದು ಪೊಳ್ಳಾಚಿಗೆ. ಭೂಮಿ, ಮನುಷ್ಯ, ಬಟ್ಟೆ, ಬಣ್ಣ ಮೊದಲಾಗಿ ಹೇಗೆ ಹುಟ್ಟಿದವು ಎಂದು ಹೇಳುವ ಕತೆಗಳನ್ನು ಹುಡುಕಿಕೊಂಡು ಹೊರಟರೂ ಹೆಚ್ಚುಕಡಿಮೆ ಇವೇ ದಾರಿ ಹಿಡಿಯಬೇಕು. ಪಶ್ಚಿಮಕ್ಕೆ ಹೋದರೆ ತೊಗಲುಗೊಂಬೆ, ಪೇಟೆಯೊಳಗೆ ದೇವಾಂಗದವರ ಅಲಗು ಸೇವೆ, ಉತ್ತರಕ್ಕೆ ಸತ್ಯಮಂಗಲ ದಾಟಿ ಘಾಟಿ ಹತ್ತಿದರೆ ಸೋಲಿಗರ ಕುಣಿತ, ಕಂಸಾಳೆ, ನೀಲಗಾರರ ಕತೆ.

ಈ ಕತೆಗಳಿಗೆ ಪುಸ್ತಕವೇ ಮೂಲವಲ್ಲ. ಕೆಲವು ಅಚ್ಚಾಗಿವೆ, ಆದರೆ ಅವು ಬದುಕಿರುವುದು ಬಯಲಲ್ಲಿ, ಬೀದಿಯಲ್ಲಿ, ಜಾತ್ರೆಯ ರಾತ್ರಿಯಲ್ಲಿ. ಹೆಚ್ಚಿನವು ಕನ್ನಡದಲ್ಲಿ ಇಲ್ಲವೆ ಕನ್ನಡಕ್ಕೆ ತೀರ ಹತ್ತಿರದ ನುಡಿಯಲ್ಲಿವೆ. ಮನೆಯಲ್ಲಿ ಕನ್ನಡ, ಶಾಲೆ ಮತ್ತು ಬಜಾರಿನಲ್ಲಿ ತಮಿಳು ಎಂದು ಬದುಕುವ ನಮ್ಮ ಕಡೆಯವರಿಗೆ ಇವುಗಳ ಪರಿಚಯ ಇರಲಿ ಎಂದು ಈ ಲೇಖನ.

ಕೊಳ್ಳೇಗಾಲ ನಮ್ಮ ಜಿಲ್ಲೆಯಲ್ಲಿದ್ದಾಗ

ಕತೆಗೆ ಮೊದಲು ಸ್ವಲ್ಪ ಭೂಗೋಳ. ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಕೊಯಮತ್ತೂರು ಜಿಲ್ಲೆಯದೇ ಆಗಿತ್ತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅದು ಕಂಪನಿ ಸರ್ಕಾರದ ಪಾಲಾಗಿ ಮದ್ರಾಸಿನ ಆಡಳಿತದಲ್ಲಿ ಉಳಿದಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಜೊತೆಗೆ ಮಲೆ ಮಹದೇಶ್ವರ ಬೆಟ್ಟವೂ ಹೋಯಿತು, ಚಿಕ್ಕಲ್ಲೂರೂ ಹೋಯಿತು. ತಾಳವಾಡಿ, ದಿಂಬಂ, ಬರ್ಗೂರು ಈ ಕಡೆ ಉಳಿದವು. ಮುಂದೆ 1979ರಲ್ಲಿ ಈರೋಡ್ ಭಾಗ ಬೇರೆ ಜಿಲ್ಲೆಯಾಯಿತು, 2009ರಲ್ಲಿ ತಿರುಪ್ಪೂರು ಬೇರೆಯಾಯಿತು.

ಅಂದರೆ ಕತೆ ನಡೆಯುವ ಬೆಟ್ಟ ಒಂದು ರಾಜ್ಯದಲ್ಲಿ, ಕತೆ ಕೇಳಲು ಹೋಗುವ ಒಕ್ಕಲು ಇನ್ನೊಂದು ರಾಜ್ಯದಲ್ಲಿ. ಒಕ್ಕಲು ಮಾತ್ರ ಹೋಗುವುದನ್ನು ಬಿಡಲಿಲ್ಲ. ಈರೋಡ್, ಸೇಲಂ, ಕೊಯಮತ್ತೂರು ಕಡೆ ಮಾದೇಶ್, ಮಾದೇಶ್ವರನ್, ಮಾದಪ್ಪನ್ ಎಂಬ ಹೆಸರುಗಳು ಎಷ್ಟಿವೆ ಎಂದು ಯಾವುದಾದರೂ ಮತದಾರರ ಪಟ್ಟಿ ತೆರೆದು ನೋಡಿ. ಕನ್ನಡದ ಒಂದು ಅಕ್ಷರ ಬಾರದವರೂ ಮಗನಿಗೆ ಆ ಬೆಟ್ಟದ ಹೆಸರಿಡುತ್ತಾರೆ.

ಸೋಲಿಗರ ಇಬ್ಬರು ಅಣ್ಣತಮ್ಮಂದಿರು

1909ರಲ್ಲಿ ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿ ಅವರ ಜೊತೆ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದರು. ಅದರಲ್ಲಿ ಸೋಲಿಗರ ಮೂಲದ ಕತೆ ಇದೆ. ಗೆದ್ದೆಸಾಲು ಬೆಟ್ಟದಲ್ಲಿ ಕಾರಯ್ಯ ಮತ್ತು ಬಿಲ್ಲಯ್ಯ ಎಂಬ ಇಬ್ಬರು ಸೋದರರಿದ್ದರು. ಬಿಲ್ಲಯ್ಯನಿಗೆ ಮಾದೇಶ್ವರ ಎಂದೂ ಹೆಸರು. ಕಾರಯ್ಯನಿಂದ ಸೋಲಿಗರೂ ಊರಾಳಿಗಳೂ ಹುಟ್ಟಿದರು, ಬಿಲ್ಲಯ್ಯನಿಂದ ಶಿವಾಚಾರದವರು ಹುಟ್ಟಿದರು. ಈ ಇಬ್ಬರೂ ಸವಣ ಎಂಬ ರಾಕ್ಷಸನ ಕೈಗೆ ಸಿಕ್ಕಿಬಿದ್ದರು. ಅವನು ಕಾರಯ್ಯನನ್ನು ಕುರಿ ಕಾಯಲು ಹಾಕಿದ, ಬಿಲ್ಲಯ್ಯನನ್ನು ಸೆರೆಯಲ್ಲಿಟ್ಟು ಚಾಕರಿ ಮಾಡಿಸಿದ. ಕೊನೆಗೆ ತನಗೊಂದು ಜೊತೆ ಮೆಟ್ಟು ಬೇಕೆಂದ. ಬಿಲ್ಲಯ್ಯ ನಾಲ್ಕು ದಿನ ಬಿಡುವು ಕೇಳಿ ಹೋಗಿ ಕೃಷ್ಣನ ಸಹಾಯದಿಂದ ಮೇಣದ ಮೆಟ್ಟು ಮಾಡಿಸಿ ತಂದ. ರಾಕ್ಷಸ ಅದನ್ನು ಮೆಟ್ಟಿ ಕಾದ ಬಂಡೆಯ ಮೇಲೆ ನಡೆದಾಗ ಮೇಣ ಕರಗಿತು, ಅವನು ಬಿದ್ದ, ಸತ್ತ.

ಮಾದೇಶ್ವರನ ಕತೆ ಗೊತ್ತಿದ್ದವರು ಇಷ್ಟರಲ್ಲೇ ತಲೆದೂಗಿರುತ್ತೀರಿ. ಕಂಸಾಳೆಯವರು ಹಾಡುವ ಕಾವ್ಯದಲ್ಲೂ ದೇವತೆಗಳನ್ನೆಲ್ಲ ಜೀತಕ್ಕಿಟ್ಟುಕೊಂಡ ಬಂಕಾಪುರಿಯ ಶ್ರವಣ ದೊರೆ ಇದ್ದಾನೆ, ಅವನ ಕೊನೆಯೂ ಮೆಟ್ಟಿನಿಂದಲೇ. ಆದರೆ ಅಲ್ಲಿ ಕಾರಯ್ಯ ಬಿಲ್ಲಯ್ಯ ಮೊದಲ ಮನುಷ್ಯರಲ್ಲ. ಸೋಲಿಗರ ನೀಲೇಗೌಡನ ಹೆಂಡತಿ ಸಂಕಮ್ಮನಿಗೆ ಮಾದೇಶ್ವರನ ವರದಿಂದ ಹುಟ್ಟಿದ ಅವಳಿ ಮಕ್ಕಳು. ಕಾಡಿಗೆ ಹೊರಟ ನೀಲೇಗೌಡ ತಾನು ಬರುವವರೆಗೆ ಪತಿವ್ರತೆಯಾಗಿರುತ್ತೇನೆಂದು ಹೆಂಡತಿಯಿಂದ ಭಾಷೆ ಕೇಳುತ್ತಾನೆ, ಅವಳು ಕೊಡಲು ಒಪ್ಪುವುದಿಲ್ಲ, ಅವನು ಅವಳನ್ನು ಹಿಂಸೆಗೆ ಗುರಿಮಾಡಿ ಹೋಗುತ್ತಾನೆ. ಆ ಸಂಕಟದಲ್ಲಿ ಮಾದಪ್ಪ ಅವಳ ಬಳಿ ಬರುತ್ತಾನೆ. 'ಸಂಕಮ್ಮನ ಸಾಲು' ಎಂದು ಹೆಸರಾದ ಈ ಭಾಗವನ್ನು ಕೇಳುವಾಗ ಹೆಂಗಸರು ಕಣ್ಣೊರೆಸಿಕೊಳ್ಳುವುದು ಹೊಸದಲ್ಲ.

ಎರಡರಲ್ಲಿ ಯಾವುದು ಸರಿ ಎಂದು ಕೇಳುವುದು ತಪ್ಪು ಪ್ರಶ್ನೆ ಎಂದು ನಮ್ಮ ಅನಿಸಿಕೆ. ಕಾಡಿನವರು ತಮ್ಮ ಹಿರಿಯನನ್ನು ದೇವರ ಅಣ್ಣ ಎಂದರು, ಬಯಲಿನವರು ಅವನನ್ನು ದೇವರ ವರದ ಮಗ ಎಂದರು. ಒಂದೇ ಬೆಟ್ಟದ ಎರಡು ಮಗ್ಗುಲಿನಿಂದ ನೋಡಿದ ಹಾಗೆ.

ಸೋಲಿಗರ ಕುಣಿತಕ್ಕೆ ವೇದಿಕೆ ಬೇಡ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಈ ಕಡೆ ಸತ್ಯಮಂಗಲದ ಕಾಡಿನ ಪೋಡುಗಳಲ್ಲಿ ರಾಗಿ ಸುಗ್ಗಿಯ ರೊಟ್ಟಿ ಹಬ್ಬದ ಹೊತ್ತಿಗೆ ರಾತ್ರಿ ಬೆಂಕಿ ಹಾಕಿ ಸುತ್ತ ಗಂಡಸರು ಹೆಂಗಸರು ಹೆಜ್ಜೆ ಹಾಕುತ್ತಾರೆ. 'ಗೊರುಕ' ಎಂಬ ಮಾತು ಮತ್ತೆ ಮತ್ತೆ ಬರುವ ಹಾಡಿನಿಂದ ಅದಕ್ಕೆ ಗೊರುಕನ ಕುಣಿತ ಎಂದೇ ಹೆಸರು. ಹಾಡಿನಲ್ಲಿ ಮರ, ಹಕ್ಕಿ, ಜೇನು, ಆನೆ, ದೇವರು ಎಲ್ಲ ಬರುತ್ತವೆ. ಬೆಟ್ಟದ ಯಾವ ಕಲ್ಲು, ಯಾವ ತೊರೆ ಯಾವ ದೇವರದು ಎಂಬುದು ಮಕ್ಕಳಿಗೆ ತಿಳಿಯುವುದು ಹೀಗೆಯೇ. ಬಿಳಿಗಿರಿರಂಗನ ಕಾಡು 2011ರಲ್ಲಿ, ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ರಕ್ಷಿತಾರಣ್ಯಗಳಾದವು. ಹಾಡಿನಲ್ಲಿ ಬರುವ ಜಾಗಗಳೆಲ್ಲ ಈಗ ಅರಣ್ಯ ಇಲಾಖೆಯ ನಕ್ಷೆಯೊಳಗಿವೆ. 2011ರಲ್ಲೇ ಬಿಳಿಗಿರಿಯ ಸೋಲಿಗರ ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು ಎಂಬುದನ್ನೂ ಹೇಳಬೇಕು.

ಕಂಸಾಳೆ: ಕುಣಿತ ಉಳಿದು ಕತೆ ಹೋದಾಗ

ಕಂಸಾಳೆ ಎಂದರೆ ಕಂಚಿನ ಜೋಡಿ ತಾಳ. ಎಡಗೈಯಲ್ಲಿ ಬಟ್ಟಲಿನಂಥದ್ದು, ಬಲಗೈಯಲ್ಲಿ ಹಗ್ಗ ಕಟ್ಟಿದ ಚಪ್ಪಟೆ ತಾಳ. ಇದನ್ನು ಹಿಡಿಯುವವರು ದೇವರಗುಡ್ಡರು. ಮನೆಯವರ ಹರಕೆಯಿಂದ ಮಾದೇಶ್ವರನಿಗೆ ಬಿಟ್ಟವರು, ಗುರುವಿನಿಂದ ದೀಕ್ಷೆ ಪಡೆದವರು. ಭಿಕ್ಷೆ ಮಾಡುತ್ತಾ, ಒಕ್ಕಲ ಮನೆಗಳಲ್ಲಿ ರಾತ್ರಿಯಿಡೀ ಕತೆ ಮಾಡುತ್ತಾ ಬಂದವರು.

ಇದರಲ್ಲಿ ಎರಡು ಬಗೆ ಇದೆ ಎಂದು ತಿಳಿಯಬೇಕು. ಒಂದು ಕೂತು ಹಾಡುವ ಕತೆ. ಇನ್ನೊಂದು ಬೀಸು ಕಂಸಾಳೆ, ಅಂದರೆ ಹಗ್ಗದ ತಾಳವನ್ನು ಬೀಸಿ, ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕದವನ ತಾಳಕ್ಕೆ ಹೊಡೆಯುತ್ತಾ ಮಾಡುವ ಗಂಡು ಕುಣಿತ. ದಸರಾ ಮೆರವಣಿಗೆ, ಸರ್ಕಾರಿ ಸಮಾರಂಭ, ಕಾಲೇಜು ವಾರ್ಷಿಕೋತ್ಸವ ಎಲ್ಲ ಕಡೆ ಕಾಣುವುದು ಈ ಎರಡನೆಯದು. ನೋಡಲು ಚೆಂದ, ಅನುಮಾನವೇ ಇಲ್ಲ. ಆದರೆ ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಕಾರ್ಯಕ್ರಮದಲ್ಲಿ ಮೊದಲು ಕತ್ತರಿ ಬೀಳುವುದು ಕತೆಗೆ. ಅದರಲ್ಲೂ ಆದಿಯ ಕತೆಗೆ. ಪವಾಡದ ಒಂದು ತುಣುಕು ಹೇಗೋ ಉಳಿಯುತ್ತದೆ, ಲೋಕ ಹುಟ್ಟಿದ್ದು ಹೇಗೆ ಎಂಬುದನ್ನು ಹೇಳಲು ಯಾರಿಗೆ ಪುರುಸೊತ್ತು?

ಆ ಆದಿಯ ಕತೆ ಏನು ಎಂದರೆ, ಶಾಲೆಯಲ್ಲಿ ಓದಿದ ಪುರಾಣಕ್ಕಿಂತ ಪೂರ್ತಿ ಬೇರೆ. ದಕ್ಷಿಣ ಕರ್ನಾಟಕದ ಜನಪದ ಪುರಾಣಗಳಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟುವವಳು ಆದಿಶಕ್ತಿ, ಒಬ್ಬ ಹೆಂಗಸು. ಅವಳಿಗೆ ಜೊತೆ ಬೇಕೆನಿಸುತ್ತದೆ, ಯಾರೂ ಇಲ್ಲ. ಬ್ರಹ್ಮನನ್ನು ಹುಟ್ಟಿಸಿ ಮದುವೆಯಾಗು ಎನ್ನುತ್ತಾಳೆ. ನೀನು ತಾಯಿ ಎಂದು ಅವನು ಒಪ್ಪುವುದಿಲ್ಲ, ಸುಟ್ಟು ಬೂದಿಯಾಗುತ್ತಾನೆ. ವಿಷ್ಣುವಿಗೂ ಅದೇ ಗತಿ. ಮೂರನೆಯವನು ಶಿವ, ಒಪ್ಪಿದಂತೆ ಮಾಡಿ ಅವಳ ಶಕ್ತಿಯನ್ನು ಅವಳಿಂದಲೇ ಪಡೆದು ಅವಳನ್ನೇ ಸುಡುತ್ತಾನೆ, ಅಣ್ಣಂದಿರನ್ನು ಎಬ್ಬಿಸುತ್ತಾನೆ. ಹೇಳುವವರಿಂದ ಹೇಳುವವರಿಗೆ ವಿವರ ಬದಲಾಗುತ್ತದೆ. ಎ.ಕೆ. ರಾಮಾನುಜನ್ ಈ ಕತೆಯನ್ನು ಎತ್ತಿಕೊಂಡು ಜನಪದ ಪುರಾಣ ಸಂಸ್ಕೃತ ಪುರಾಣಕ್ಕಿಂತ ಹೇಗೆ ಬೇರೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಮನೆಮಂದಿಯೆಲ್ಲ ಕೂತು ಕೇಳುವ ಕತೆಯಲ್ಲಿ ಇಂಥ ಮಾತು ಬಂದರೆ ಮುಜುಗರ ಎಂದು ಬಿಡುವವರೂ ಇದ್ದಾರೆ. ಹಿಂದಿನವರು ಮುಜುಗರವಿಲ್ಲದೆ ಕೇಳಿದರು, ಮಕ್ಕಳು ಮಧ್ಯದಲ್ಲಿ ನಿದ್ದೆ ಹೋದರು, ಅಷ್ಟೇ.

ಪುಸ್ತಕದಲ್ಲಿ ಓದಬೇಕೆನ್ನುವವರಿಗೆ: ಪಿ.ಕೆ. ರಾಜಶೇಖರ ಅವರು 1973ರಲ್ಲಿ ಮಲೆಯ ಮಾದೇಶ್ವರ ಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೇಶವನ್ ಪ್ರಸಾದ್ ಅವರ ಸಂಪಾದನೆಯಲ್ಲಿ 1997ರಲ್ಲಿ ಇನ್ನೊಂದು ಪಾಠವನ್ನು ಹೊರತಂದಿತು. ಅದನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದಿದ್ದು 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಬಂದಿದೆ.

ನೀಲಗಾರರ ಜ್ಯೋತಿ

ಮಾದೇಶ್ವರನಿಗೆ ಕಂಸಾಳೆಯವರು ಇದ್ದಂತೆ ಮಂಟೇಸ್ವಾಮಿಗೆ ನೀಲಗಾರರು. ಇವರೂ ದೀಕ್ಷೆ ಪಡೆದವರೇ, ಬೇರೆ ಬೇರೆ ಜಾತಿಗಳಿಂದ ಬಂದವರು. ಕೈಯಲ್ಲಿ ತಂಬೂರಿ, ಗಗ್ಗರ, ಜೊತೆಯವರ ಬಳಿ ದಮ್ಮಡಿ, ತಾಳ. ಕುಣಿತ ಇಲ್ಲಿ ಕಡಿಮೆ, ಮಾತು ಹಾಡು ಹೆಚ್ಚು.

ಮಂಟೇಸ್ವಾಮಿ ಕಾವ್ಯ ಶುರುವಾಗುವುದೇ ಲೋಕ ಇಲ್ಲದ ಕಾಲದಿಂದ. ಕತ್ತಲೆ, ಶೂನ್ಯ. ಅಲ್ಲಿ ಮೊದಲು ಮೂಡಿದವನು ಪರಂಜ್ಯೋತಿ, ಅವನೇ ಧರ್ಮಗುರು ಮಂಟೇಸ್ವಾಮಿ. ಆದಿಶಕ್ತಿಯನ್ನು ಹುಟ್ಟಿಸಿದವನೂ ಅವನೇ, ತ್ರಿಮೂರ್ತಿಗಳು ಆಮೇಲೆ ಬಂದವರು. ಇದೇ ಮಂಟೇಸ್ವಾಮಿ ಮುಂದೆ ಕಲ್ಯಾಣಕ್ಕೆ ಹೋಗುವಾಗ ಮೈಯೆಲ್ಲ ಹುಣ್ಣಾದ, ಕೀಳುಜಾತಿಯ ತಿರುಕನ ವೇಷದಲ್ಲಿ ಹೋಗುತ್ತಾನೆ. ಬಸವಣ್ಣನ ಬಾಗಿಲಲ್ಲಿ ಕಾಯುವವರು ಅವನನ್ನು ಒಳಗೆ ಬಿಡುವುದಿಲ್ಲ. ಸೃಷ್ಟಿಯ ಭಾಗ ಕೇಳಿದ್ದರೆ ಮಾತ್ರ ಈ ಸನ್ನಿವೇಶದ ಪೆಟ್ಟು ಗೊತ್ತಾಗುತ್ತದೆ. ಬಾಗಿಲಲ್ಲಿ ತಡೆದದ್ದು ಯಾರನ್ನು? ಲೋಕ ಮಾಡಿದವನನ್ನು. ಮೊದಲ ಭಾಗ ಬಿಟ್ಟು ಇದೊಂದನ್ನೇ ಹಾಡಿದರೆ ತಿರುಕನೊಬ್ಬನಿಗೆ ಆದ ಅವಮಾನದ ಕತೆಯಷ್ಟೇ ಉಳಿಯುತ್ತದೆ.

ಚಿಕ್ಕಲ್ಲೂರು ಜಾತ್ರೆ ಜನವರಿಯ ಹುಣ್ಣಿಮೆಗೆ, ಸಿದ್ಧಪ್ಪಾಜಿಯ ಗದ್ದುಗೆಯಲ್ಲಿ, ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ. ಬಿದಿರಿನ ಚೌಕಟ್ಟಿಗೆ ಬಟ್ಟೆ ಸುತ್ತಿ ಬಯಲಲ್ಲಿ ಉರಿಸುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ವಾಲುತ್ತದೋ ಆ ಕಡೆ ಆ ವರ್ಷ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂದು ನಂಬಿಕೆ. ಜ್ಯೋತಿಯಿಂದ ಶುರುವಾದ ಲೋಕದ ಕತೆಗೆ ಇದಕ್ಕಿಂತ ತಕ್ಕ ಆಟ ಬೇರೆ ಇಲ್ಲ.

ಪೇಟೆಯೊಳಗೆ: ದೇವಾಂಗದವರ ಬಟ್ಟೆ ಮತ್ತು ಕತ್ತಿ

ಇನ್ನು ಊರಿಗೆ ಬರೋಣ. ಕೊಯಮತ್ತೂರು ತಿರುಪ್ಪೂರು ಕಡೆ ಕನ್ನಡ ಮಾತಾಡುವ ದೇವಾಂಗ ನೇಕಾರರು ತಲೆತಲಾಂತರದಿಂದ ಇದ್ದಾರೆ. ವಿಜಯನಗರದ ಕಾಲದಲ್ಲಿ ಹಂಪಿಯ ಕಡೆಯಿಂದ ಬಂದವರು ಎಂದು ಹಿರಿಯರ ಹೇಳಿಕೆ. ತೆಲುಗು ಮಾತಾಡುವ ದೇವಾಂಗದವರೂ ಜೊತೆಗಿದ್ದಾರೆ.

ಇವರ ಸೃಷ್ಟಿಕತೆಯಲ್ಲಿ ಲೋಕ ಆಗಲೇ ಇದೆ, ಇಲ್ಲದ್ದು ಬಟ್ಟೆ. ದೇವರು, ಮನುಷ್ಯರು ಎಲ್ಲರೂ ಬರಿಮೈ. ಶಿವ ದೇವಲ ಮುನಿಯನ್ನು ಹುಟ್ಟಿಸಿ, ವಿಷ್ಣುವಿನ ಹೊಕ್ಕುಳ ತಾವರೆಯ ದಂಟಿನಿಂದ ನೂಲು ತರಲು ಕಳಿಸುತ್ತಾನೆ. ನೂಲು ತೆಗೆದುಕೊಂಡು ಬರುವ ದಾರಿಯಲ್ಲಿ ಅಸುರರು ಮುತ್ತುತ್ತಾರೆ. ದೇವಲ ಕೂಗಿದಾಗ ಸಿಂಹದ ಮೇಲೆ ಬಂದವಳು ಚೌಡೇಶ್ವರಿ. ಅಸುರರನ್ನು ಕೊಂದಳು, ಅವರ ರಕ್ತ ಐದು ಬಣ್ಣವಾಗಿತ್ತು, ದೇವಲ ತನ್ನ ನೂಲನ್ನು ಅದರಲ್ಲಿ ಅದ್ದಿದ. ನೇಕಾರನ ಬಣ್ಣಗಳು ಹುಟ್ಟಿದ್ದು ಹಾಗೆ. ಅವಳು ಬಂದ ದಿನ ಅಮಾವಾಸ್ಯೆ, ಆದ್ದರಿಂದ ಅಮಾವಾಸ್ಯೆ ಈ ಮನೆಗಳಿಗೆ ದೊಡ್ಡ ದಿನ. ಬಣ್ಣದ ಕಾರ್ಖಾನೆಗಳಿಂದ ಹೆಸರು ಮಾಡಿದ ತಿರುಪ್ಪೂರಿನಲ್ಲಿ ಬಣ್ಣ ಹುಟ್ಟಿದ ಕತೆ ಕನ್ನಡದಲ್ಲಿದೆ ಎಂದು ಎಷ್ಟು ಜನಕ್ಕೆ ಗೊತ್ತು?

ಈ ದೇವಿಯನ್ನು ಕರೆಯುವ ಬಗೆಯೇ ಅಲಗು ಸೇವೆ. ಕೊಯಮತ್ತೂರು ರಾಜಾ ಬೀದಿಯ ರಾಮಲಿಂಗ ಚೌಡೇಶ್ವರಿ ಅಮ್ಮನ್ ದೇವಸ್ಥಾನದಿಂದ ವಿಜಯದಶಮಿಗೆ ಹೊರಡುವ ಮೆರವಣಿಗೆಯಲ್ಲಿ ನೋಡಬಹುದು. ವೀರಕುಮಾರರು ಎನಿಸಿಕೊಂಡ ಯುವಕರು, ಹುಡುಗರೂ ಸಹ, ಕತ್ತಿ ಹಿಡಿದು ವಾದ್ಯದ ಗತ್ತಿಗೆ ಹೆಜ್ಜೆ ಹಾಕುತ್ತಾ ಎದೆಗೆ, ತೋಳಿಗೆ ಹೊಡೆದುಕೊಳ್ಳುತ್ತಾರೆ. ಗಾಯಕ್ಕೆ ಅರಿಶಿನದ ಪುಡಿ. ಬಾಯಲ್ಲಿ 'ತೀಸುಕೋ ತಾಯೇ' ಎಂಬ ಕೂಗು, ಅಂದರೆ ತಗೋ ತಾಯಿ. ಮಾತು ತೆಲುಗಿನದು, ಮನೆಮಾತು ಕನ್ನಡ, ಬೀದಿ ತಮಿಳಿನದು. ಅಲಗು ಎಂಬ ಪದ ಮಾತ್ರ ಕನ್ನಡಕ್ಕೂ ತಮಿಳಿಗೂ ಸಮವಾಗಿ ಸೇರಿದ್ದು.

ಕತ್ತಿ ಏಕೆ? ಒಂದು ಪಾಠ ಹೀಗಿದೆ. ದೇವಿಯನ್ನು ತಮ್ಮ ಊರಿಗೆ ಕರೆದಾಗ ಹಿಂದೆ ಬರುತ್ತೇನೆ, ತಿರುಗಿ ನೋಡಬೇಡಿ ಎಂದಳು. ಅವರು ಅನುಮಾನದಿಂದ ತಿರುಗಿ ನೋಡಿದರು. ಅವಳು ಅಲ್ಲೇ ನಿಂತುಬಿಟ್ಟಳು. ತಪ್ಪಾಯಿತು ಬಾ ತಾಯಿ ಎಂದು ಮೈಗೆ ಕತ್ತಿ ಹೊಡೆದುಕೊಂಡು ಕರೆದಾಗ ಬಂದಳು. ಈ ಕತೆ ಗೊತ್ತಿಲ್ಲದವರಿಗೆ ಬೀದಿಯಲ್ಲಿ ಕಾಣುವುದು ರಕ್ತ ಮತ್ತು ಅರಿಶಿನ ಮಾತ್ರ. ಪತ್ರಿಕೆಗಳಲ್ಲಿ ಬರುವ ಫೋಟೋವೂ ಅದೇ. ಎಳೆಯ ಹುಡುಗರ ಕೈಗೆ ಕತ್ತಿ ಕೊಡುವ ಬಗ್ಗೆ ನಮಗೆ ಹಿಂಜರಿಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕತೆಯನ್ನೂ ಅವರಿಗೆ ಕೊಡದೆ ಕತ್ತಿಯನ್ನಷ್ಟೇ ಕೊಟ್ಟರೆ ಅದು ಇನ್ನೂ ಕೆಟ್ಟದ್ದು.

ಪಶ್ಚಿಮಕ್ಕೆ: ದೇವಿ ಒಬ್ಬಳೇ ನೋಡುವ ಗೊಂಬೆಯಾಟ

ಪಾಲಕ್ಕಾಡಿನ ಆಚೆ ಶೊರನೂರು ಕಡೆಯ ಭದ್ರಕಾಳಿ ಗುಡಿಗಳಲ್ಲಿ ತೋಲ್ಪಾವಕೂತ್ತು ನಡೆಯುತ್ತದೆ. ಗುಡಿಯ ಹೊರಗೆ ಬಯಲಲ್ಲಿ ಕೂತ್ತುಮಾಡಂ ಎಂಬ ಉದ್ದನೆಯ ಕಟ್ಟೆ, ಅಗಲವಾದ ಪರದೆ, ಹಿಂದೆ ಸಾಲಾಗಿ 21 ದೀಪ. ಹೇಳುವುದು ಕಂಬ ರಾಮಾಯಣ. ಪದ್ಯ ತಮಿಳು, ವಿವರಣೆಯಲ್ಲಿ ಮಲಯಾಳ ಬೆರೆತಿರುತ್ತದೆ. ಗಡಿಯ ಆಚೆಯವರು ನಮ್ಮಂತೆಯೇ ಎರಡು ಭಾಷೆಯಲ್ಲಿ ಬದುಕುವುದಕ್ಕೆ ಇದೊಂದು ಸಾಕ್ಷಿ. ಕೆಲವು ಗುಡಿಗಳಲ್ಲಿ 7 ರಾತ್ರಿ, ಕೆಲವೆಡೆ 21 ರಾತ್ರಿ ಆಟ.

ಇಲ್ಲಿ ಲೋಕ ಹುಟ್ಟಿದ ಕತೆ ಇಲ್ಲ, ಆಟವೇ ಹುಟ್ಟಿದ ಕತೆ ಇದೆ. ರಾಮ ರಾವಣರ ಯುದ್ಧ ನಡೆಯುವಾಗ ಭದ್ರಕಾಳಿ ದಾರಿಕಾಸುರನೊಡನೆ ಹೋರಾಡುತ್ತಿದ್ದಳು, ನೋಡಲಾಗಲಿಲ್ಲ. ಅವಳಿಗೆ ತೋರಿಸಲೆಂದೇ ಗೊಂಬೆಯಾಟ ಶುರುವಾಯಿತು. ಆದ್ದರಿಂದ ಎದುರಿಗೆ ಒಬ್ಬ ಮನುಷ್ಯನೂ ಇಲ್ಲದಿದ್ದರೂ ಬೆಳಗಿನ ಜಾವದವರೆಗೆ ಆಟ ನಡೆಯುತ್ತದೆ. ಈ ಪರಂಪರೆಯ ಕೆ.ಕೆ. ರಾಮಚಂದ್ರ ಪುಲವರ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಕರ್ನಾಟಕದ ತೊಗಲುಗೊಂಬೆಯವರು ಶಿಳ್ಳೇಕ್ಯಾತರು. ಅವರದು ಕಟ್ಟೆಯಲ್ಲ, ಊರ ಹೊರಗಿನ ಬಯಲಲ್ಲಿ ಒಂದು ರಾತ್ರಿಗೆ ಕಟ್ಟಿ ಬಿಚ್ಚುವ ಪರದೆ. ಆಡುವುದು ರಾಮಾಯಣ, ಮಹಾಭಾರತ. ಆದರೆ ಮಳೆ ಬಾರದಿದ್ದರೆ, ದನಕರುಗಳಿಗೆ ರೋಗ ಬಂದರೆ ಊರವರು ಇವರನ್ನು ಕರೆಸಿ ಆಡಿಸುತ್ತಿದ್ದರು. ಗಣಪತಿ, ಶಾರದೆ ಆದ ಮೇಲೆ ಹೊಟ್ಟೆ ಮುಂದೆ ಮಾಡಿಕೊಂಡು ಬರುವ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಯಾವ ದೇವರಿಗೂ ಕಡಿಮೆಯಲ್ಲ. ಜನ ನೆನಪಿಟ್ಟುಕೊಳ್ಳುವುದು ಇವರ ಜಗಳವನ್ನೇ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ನೇ ವಯಸ್ಸಿನಲ್ಲಿ ಪದ್ಮಶ್ರೀ ಸಂದಿತು.

ಹೋಗಿ ನೋಡುವವರಿಗೆ

ಅಲಗು ಸೇವೆಗೆ ದೂರ ಹೋಗಬೇಕಿಲ್ಲ, ವಿಜಯದಶಮಿಯಂದು ಬೆಳಿಗ್ಗೆಯೇ ರಾಜಾ ಬೀದಿ ಸೇರಿದರೆ ಸಾಕು. ತೋಲ್ಪಾವಕೂತ್ತಿನ ಕಾಲ ಜನವರಿಯಿಂದ ಮೇ ಒಳಗೆ. ಮಹದೇಶ್ವರ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿ, ಮಹಾಲಯ ಅಮಾವಾಸ್ಯೆ ದೊಡ್ಡ ಜಾತ್ರೆಗಳು. ನಮ್ಮ ಕಡೆಯಿಂದ ಮೆಟ್ಟೂರು, ಪಾಲಾರ್ ಮೇಲೆ ಹೋಗಬಹುದು, ಇಲ್ಲವೆ ಅಂದಿಯೂರು, ಬರ್ಗೂರು, ಗರ್ಕೆಕಂಡಿ ಮೇಲೆ. ಚಿಕ್ಕಲ್ಲೂರಿಗೆ ಕೊಳ್ಳೇಗಾಲದಿಂದ ಬಸ್ಸು ಹಿಡಿಯಬೇಕು.

ಮನೆಯಲ್ಲಿ ಅಜ್ಜ ಅಜ್ಜಿ ಇಂಥ ಕತೆ ಹೇಳುವವರಿದ್ದರೆ ಮೊಬೈಲಿನಲ್ಲಿ ದನಿ ಹಿಡಿದಿಡಿ. ಕನ್ನಡ ಲಿಪಿ ಬಾರದಿದ್ದರೆ ತಮಿಳು ಲಿಪಿಯಲ್ಲೇ ಬರೆದುಕೊಳ್ಳಿ, ತಪ್ಪೇನಿಲ್ಲ. ಶುರುವಿನ ಭಾಗವನ್ನು ಬಿಡದೆ ಕೇಳಿ. 'ಅದೆಲ್ಲ ಉದ್ದ ಆಗುತ್ತೆ ಕಣಪ್ಪಾ' ಎಂದು ಅವರೇ ಹಾರಿಸುವುದು ಸಾಮಾನ್ಯ.

ದಿಂಬಂ ಘಾಟಿಯಲ್ಲಿ ಹೋಗುವವರು ಒಂದು ವಿಷಯ ನೆನಪಿಡಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಿಂದ 2022ರಲ್ಲಿ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಹೊರಡುವ ಮುಂಚೆ ಬಣ್ಣಾರಿ ಚೆಕ್‌ಪೋಸ್ಟಿನ ಸಮಯ ವಿಚಾರಿಸಿಕೊಂಡು ಹಗಲಿನಲ್ಲೇ ಘಾಟಿ ಹತ್ತಿ. ಕತೆ ಶುರುವಾಗುವುದು ಹೇಗೂ ರಾತ್ರಿ ಊಟವಾದ ಮೇಲೆ.